ಯರೆ ಹೊಲದ ಉಳುಮೆ ಮತ್ತು ಹಿಂಗಾರಿ ಜೋಳಕ್ಕೆ ಸಿಗುವ ಸಾರಜನಕ: ಹಂತ ಹಂತದ ಮಾರ್ಗದರ್ಶಿ

ಹೊಲವನ್ನು ಹೆಚ್ಚು ಸಲ ಹರಗಿದರೆ, ಅಂದರೆ ಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿದರೆ, ಯೂರಿಯಾ ಕಡಿಮೆ ಹಾಕಬಹುದೇ? ರೋಟಾವೇಟರ್ ಹೊಡೆಸಿದ ವರ್ಷ ಕಡುಹಸಿರಾಗಿ ಬಂದ ಜೋಳ, ಕೆಲವು ವರ್ಷಗಳಲ್ಲಿ ಅದೇ ಹೊಲದಲ್ಲಿ ಹೆಚ್ಚು ಗೊಬ್ಬರ ಬೇಡತೊಡಗುವುದೇಕೆ? ಉಳುಮೆ ಬಿಟ್ಟವರ ಬೆಳೆ ಮೊದಲ ವರ್ಷವೇ ಹಳದಿಯಾಗುವುದೇಕೆ? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಭಾಗದ ಓದುಗರು ಈ ಮೂರು ಪ್ರಶ್ನೆಗಳನ್ನು ಪದೇ ಪದೇ ಕೇಳುತ್ತಿರುವುದರಿಂದ ಎಲ್ಲಕ್ಕೂ ಒಂದೇ ಕಡೆ, ಕ್ರಮವಾಗಿ ಉತ್ತರ ಬರೆಯುತ್ತಿದ್ದೇನೆ. ಮೂರರ ಮೂಲವೂ ಒಂದೇ. ಉಳುಮೆಯಿಂದ ಮಣ್ಣಿಗೆ ಒಂದು ಗ್ರಾಂ ಸಾರಜನಕವೂ ಹೊಸದಾಗಿ ಸೇರುವುದಿಲ್ಲ. ಮಣ್ಣಿನಲ್ಲಿ ಈಗಾಗಲೇ ಇರುವ ಸಾರಜನಕ ಯಾವಾಗ, ಎಷ್ಟು ಬೇಗ, ಯಾವ ಆಳದಲ್ಲಿ ಬೆಳೆಗೆ ದೊರೆಯುತ್ತದೆ ಎಂಬುದನ್ನು ಉಳುಮೆ ಬದಲಿಸುತ್ತದೆ.

ಇಲ್ಲಿ ಹೇಳಿರುವುದೆಲ್ಲ ಆಳವಾದ ಮತ್ತು ಮಧ್ಯಮ ಆಳದ ಯರೆ ಭೂಮಿಯಲ್ಲಿ (ಕಪ್ಪು ಮಣ್ಣಿನ ನೆಲದಲ್ಲಿ) ಮಳೆಯನ್ನೇ ನಂಬಿ ಬೆಳೆಯುವ ಹಿಂಗಾರಿ ಜೋಳಕ್ಕೆ, ಅಂದರೆ ಮಾಲದಂಡಿ ಎಂದು ಕರೆಯುವ ಎಂ 35-1 ಮತ್ತು ಅದರಂಥ ತಳಿಗಳಿಗೆ ಅನ್ವಯಿಸುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದವರು ಇದನ್ನು ಇದ್ದಂತೆಯೇ ಅನುಸರಿಸಬಾರದು. ಆ ಮಣ್ಣು ನೀರನ್ನು ಹಿಡಿದಿಡುವ ಬಗೆಯೂ ಮೇಲೆ ಹೆಪ್ಪುಗಟ್ಟುವ ಬಗೆಯೂ ಬೇರೆ.

ಮೊದಲು ತಿಳಿದಿರಬೇಕಾದದ್ದು

ಮಣ್ಣಿನಲ್ಲಿರುವ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ, ಕೊಳೆತ ಬೇರು, ಎಲೆ, ಸಗಣಿ, ಸತ್ತ ಸೂಕ್ಷ್ಮಾಣುಜೀವಿಗಳ ಅವಶೇಷಗಳಲ್ಲಿ ಅಡಗಿರುತ್ತದೆ. ಜೋಳದ ಬೇರು ಅದನ್ನು ನೇರವಾಗಿ ಹೀರಲಾರದು. ಸೂಕ್ಷ್ಮಾಣುಜೀವಿಗಳು ಈ ಸಾವಯವ ವಸ್ತುವನ್ನು ತಿಂದು ಮೊದಲು ಅಮೋನಿಯಂ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸಿದಾಗಲೇ ಅದು ಬೆಳೆಗೆ ಸಿಗುತ್ತದೆ. ಈ ಬದಲಾವಣೆಗೆ ಖನಿಜೀಕರಣ ಎನ್ನುತ್ತಾರೆ. ಇದಕ್ಕೆ ಹಸಿ, ಗಾಳಿ ಮತ್ತು ಬೆಚ್ಚಗಿನ ವಾತಾವರಣ ಮೂರೂ ಬೇಕು. ಮಣ್ಣನ್ನು ಕದಡಿದಾಗ ಒಳಗೆ ಗಾಳಿ ಆಡುತ್ತದೆ, ಹರಳುಗಟ್ಟಿದ ಮಣ್ಣಿನ ಕಣಗಳು ಒಡೆದು ಅವುಗಳೊಳಗೆ ಸುರಕ್ಷಿತವಾಗಿದ್ದ ಸಾವಯವ ವಸ್ತು ಹೊರಬೀಳುತ್ತದೆ, ಸೂಕ್ಷ್ಮಾಣುಜೀವಿಗಳಿಗೆ ಹೊಸ ಆಹಾರ ಸಿಗುತ್ತದೆ. ರೋಟಾವೇಟರ್ ಹೊಡೆಸಿದ ವರ್ಷ ಕಾಣುವ ಕಡುಹಸಿರಿಗೆ ಕಾರಣ ಇದೇ. ಹೀಗೆ ಹೊರಬಿದ್ದದ್ದನ್ನು ತಿಪ್ಪೆಗೊಬ್ಬರ, ಹಸಿರೆಲೆ ಅಥವಾ ಬೆಳೆಯ ಉಳಿಕೆಗಳಿಂದ ಮರಳಿ ತುಂಬದಿದ್ದರೆ ಮಣ್ಣಿನ ಸಾವಯವ ಇಂಗಾಲ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಪಾಳು ಬಿಟ್ಟ ನೆಲವನ್ನು ಪದೇ ಪದೇ ಉತ್ತು ಗೋಧಿ ಬೆಳೆದ ಅಮೆರಿಕದ ಗ್ರೇಟ್ ಪ್ಲೇನ್ಸ್ ಮತ್ತು ಕೆನಡಾದ ಬಯಲು ಪ್ರಾಂತ್ಯಗಳಲ್ಲಿ ಮೊದಲ ದಶಕಗಳ ಒಳ್ಳೆಯ ಫಸಲಿನ ಹಿಂದೆ ಇದ್ದದ್ದು ಇದೇ ಸಾರಜನಕ. ಆನಂತರ ಅಲ್ಲಿನ ಮಣ್ಣು ಬಡವಾಗಿದ್ದಕ್ಕೂ ಇದೇ ಕಾರಣ.

ಸಂಖ್ಯೆಗಳಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಅಂದಾಜು 8 ರಿಂದ 9 ಲಕ್ಷ ಕಿಲೋ ತೂಗುತ್ತದೆ. ಸಾವಯವ ಇಂಗಾಲ ಶೇ 0.4 ಇದ್ದರೆ ಆ ಪದರದಲ್ಲಿ ಸುಮಾರು 3,500 ಕಿಲೋ ಇಂಗಾಲವಿದೆ. ಹತ್ತು ಹನ್ನೆರಡು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಎಂದು ಹಿಡಿದರೆ ಒಟ್ಟು ಸಾರಜನಕ 300 ಕಿಲೋ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಒಂದು ಹಂಗಾಮಿನಲ್ಲಿ ಶೇ 2 ರಿಂದ 3ರಷ್ಟು ಖನಿಜೀಕರಣವಾದರೆ ಬೆಳೆಗೆ ಸಿಗುವುದು 6 ರಿಂದ 9 ಕಿಲೋ. ಇನ್ನು ಬೇಡಿಕೆ: ಜೋಳದ ಕಾಳಿನಲ್ಲಿ ಶೇ 10ರಷ್ಟು ಪ್ರೋಟೀನ್ ಇದ್ದರೆ ಅದರಲ್ಲಿ ಸಾರಜನಕ ಶೇ 1.6. ಎಕರೆಗೆ 6 ಕ್ವಿಂಟಲ್ ಕಾಳು ಬಂದರೆ ಕಾಳಿನಲ್ಲೇ ಸುಮಾರು 10 ಕಿಲೋ ಸಾರಜನಕ ಹೊಲದಿಂದ ಹೊರಗೆ ಹೋಗುತ್ತದೆ, ಕಣಿಕೆಯದು (ಒಣ ದಂಟಿನದು) ಬೇರೆ. ಮಣ್ಣು ತಾನಾಗಿ ಕೊಡುವುದಕ್ಕೂ ಬೆಳೆ ಒಯ್ಯುವುದಕ್ಕೂ ಇರುವ ಈ ಅಂತರವನ್ನು ಕುಂಟೆ ಎಷ್ಟು ಹೊಡೆದರೂ ತುಂಬಲಾಗದು. ಮೊದಲ ಪ್ರಶ್ನೆಗೆ ಇದೇ ಉತ್ತರ.

ಒಣಪ್ರದೇಶಕ್ಕೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದೊಡನೆ ಕೆಲವು ದಿನ ಖನಿಜೀಕರಣ ಒಮ್ಮೆಲೇ ಜೋರಾಗುತ್ತದೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಬರ್ಚ್ ಪರಿಣಾಮ ಎನ್ನುತ್ತಾರೆ. ನಮ್ಮಲ್ಲಿ ಮೊದಲ ಮಳೆ ಮೇ ಕೊನೆಗೋ ಜೂನ್‌ಗೋ ಬರುತ್ತದೆ, ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್ ಎರಡನೇ ಪಕ್ಷದಿಂದ ಅಕ್ಟೋಬರ್ ನಡುವಿನವರೆಗೆ ನಡೆಯುತ್ತದೆ. ಅಂದರೆ ಮೊದಲ ಮಳೆಗೆ ಹೊರಬಿದ್ದ ನೈಟ್ರೇಟ್ ಮೂರೂವರೆ ತಿಂಗಳು ಬೆಳೆಯಿಲ್ಲದ ಹೊಲದಲ್ಲಿ ಉಳಿದುಕೊಳ್ಳಬೇಕು. ಕಳೆಯ ಬಾಯಿಗೆ ಬೀಳದಂತೆ, ನಿಂತ ನೀರಿನಲ್ಲಿ ಅನಿಲವಾಗಿ ಹಾರಿಹೋಗದಂತೆ ಅದನ್ನು ಬಿತ್ತನೆಯವರೆಗೆ ಕಾಯುವುದೇ ಯರೆ ಹೊಲದ ಉಳುಮೆಯ ನಿಜವಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಬೇಕಾಗುವುದು: ಮಣ್ಣು ಪರೀಕ್ಷೆಯ ವರದಿ, ಸಲಿಕೆ, ಒಂದು ಮೀಟರ್ ಉದ್ದದ ಕಬ್ಬಿಣದ ಸರಳು, ಬಾಡಿಗೆಗಾದರೂ ದೊರೆಯುವ ಕುಂಟೆ, ಬೀಜ ಮತ್ತು ಗೊಬ್ಬರ ಎರಡನ್ನೂ ಬೇರೆ ಬೇರೆ ಬಿಡುವ ಕೂರಿಗೆ, ಒಂದು ನೋಟ್‌ಬುಕ್. ಮಳೆಮಾಪಕ ಇದ್ದರೆ ಇನ್ನೂ ಒಳ್ಳೆಯದು.

ಹಂತ 1: ಹೊಲದ ಸ್ಥಿತಿಯನ್ನು ಅರಿಯಿರಿ (ಫೆಬ್ರುವರಿ–ಏಪ್ರಿಲ್)

ಕೊಯ್ಲು ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು ಮಣ್ಣಿನ ಮಾದರಿ ತೆಗೆಯಿರಿ. ಎಕರೆಗೆ ಎಂಟು ಹತ್ತು ಕಡೆ, ಬದು, ಮರದ ನೆರಳು ಮತ್ತು ತಿಪ್ಪೆ ಇದ್ದ ಜಾಗ ಬಿಟ್ಟು, 15 ಸೆಂ.ಮೀ. ಆಳದವರೆಗೆ ತೆಗೆದ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕಳುಹಿಸಿದರೆ ಸಾಕು.

ವರದಿ ಬಂದಾಗ ಬಹಳ ಜನ ಒಂದೇ ಕಡೆ ಎಡವುತ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲಿ "ಲಭ್ಯ ಸಾರಜನಕ: ಹೆಕ್ಟೇರಿಗೆ 200 ಕಿಲೋ" ಎಂದಿರುವುದನ್ನು ಓದಿ, ಬೆಳೆಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಇದೆಯಲ್ಲ, ಯೂರಿಯಾ ಏಕೆ ಎಂದು ಕೇಳುತ್ತಾರೆ. ಆ ಸಂಖ್ಯೆ ಪ್ರಯೋಗಾಲಯದಲ್ಲಿ ಕ್ಷಾರೀಯ ಪರ್ಮ್ಯಾಂಗನೇಟ್ ದ್ರಾವಣದಿಂದ ಸುಲಭವಾಗಿ ಒಡೆಯುವ ಸಾವಯವ ಸಾರಜನಕದ ಅಳತೆ. ಇಂದು ಬೇರಿಗೆ ಸಿದ್ಧವಾಗಿರುವ ನೈಟ್ರೇಟಿನ ಅಳತೆಯಲ್ಲ. ಅದನ್ನು ಹೋಲಿಕೆಗೆ ಮಾತ್ರ ಬಳಸಬೇಕು: ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಇದ್ದರೆ ಕೆಳಮಟ್ಟ, 280 ರಿಂದ 560 ಮಧ್ಯಮ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಅದೂ ಕೆಳಮಟ್ಟವೇ. ನಮ್ಮ ಉತ್ತರದ ಒಣವಲಯದ ಬಹುಪಾಲು ಹೊಲಗಳು ಈ ಎರಡೂ ಅಳತೆಗಳಲ್ಲಿ ಕೆಳಮಟ್ಟದಲ್ಲಿಯೇ ಇವೆ.

ಮಣ್ಣಿನ ಆಳವನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಿ. ಬೇಸಿಗೆಯ ಬಿರುಕಿನೊಳಗೆ ಸರಳು ಇಳಿಬಿಟ್ಟರೆ, ಇಲ್ಲವೇ ಒಂದು ಕಡೆ ಗುಂಡಿ ತೋಡಿದರೆ, ಕಪ್ಪು ಮಣ್ಣು ಎಲ್ಲಿ ಮುಗಿದು ಸುಣ್ಣದ ಹರಳಿನ ಬಿಳಿ ಪದರ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತದೆ. ಒಂದು ಮೀಟರ್ ಆಳದ ಯರೆ ಮಣ್ಣು ಬೆಳೆ ಬಳಸಬಹುದಾದ ಸುಮಾರು 150 ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು. ಅರ್ಧ ಮೀಟರಿಗೂ ಕಡಿಮೆ ಆಳದ ಹೊಲದಲ್ಲಿ ಅದರ ಅರ್ಧವೂ ನಿಲ್ಲದು. ಅಲ್ಲಿ ಸಾರಜನಕಕ್ಕೆ ಹೆಚ್ಚು ಖರ್ಚು ಮಾಡಿ ಫಲವಿಲ್ಲ.

ಹಂತ 2: ಕೂಳೆಯ ವಿಷಯ ಮತ್ತು ಮಾಗಿ ಉಳುಮೆ

ಜೋಳ ಕೊಯ್ದ ಮೇಲೆ ಉಳಿಯುವ ಕೂಳೆ ಮತ್ತು ಬೇರಿನಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಇಂಗಾಲ ಇರುತ್ತದೆ. ಇದನ್ನು ಕೊಳೆಸುವ ಸೂಕ್ಷ್ಮಾಣುಜೀವಿಗಳಿಗೆ ತಮ್ಮ ಮೈ ಬೆಳೆಸಿಕೊಳ್ಳಲು ಸಾರಜನಕ ಸಾಲದೆ, ಮಣ್ಣಿನಲ್ಲಿರುವ ನೈಟ್ರೇಟನ್ನೇ ಎಳೆದುಕೊಳ್ಳುತ್ತವೆ. ಆಗ ಬೆಳೆಗೆ ಸಿಗಬೇಕಾದದ್ದು ಕೆಲವು ವಾರ ಅವುಗಳ ಮೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಈ ಅನುಪಾತ 25ಕ್ಕಿಂತ ಕೆಳಗಿರುವ ಹೆಸರು, ಸಣಬು, ಗ್ಲಿರಿಸಿಡಿಯಾ ಸೊಪ್ಪಿನಂಥವುಗಳಲ್ಲಿ ಈ ತೊಂದರೆಯಿಲ್ಲ. ಅವು ಬೇಗ ಕೊಳೆತು ಸಾರಜನಕ ಬಿಟ್ಟುಕೊಡುತ್ತವೆ.

ಆದ್ದರಿಂದ ಜೋಳದ ಕೂಳೆಯನ್ನು ಮಣ್ಣಿಗೆ ಸೇರಿಸುವುದಿದ್ದರೆ ಕೊಯ್ಲಾದ ಕೂಡಲೇ, ಮಣ್ಣಿನಲ್ಲಿ ತುಸುವಾದರೂ ಹಸಿ ಇರುವಾಗ ಸೇರಿಸಿರಿ. ಬೇಸಿಗೆ ಮತ್ತು ಮುಂಗಾರು ಎರಡೂ ಕಳೆಯುವಷ್ಟರಲ್ಲಿ ಅದು ಕೊಳೆತು, ಸಿಕ್ಕಿಕೊಂಡ ಸಾರಜನಕ ಮರಳಿ ಬಿಡುಗಡೆಯಾಗಿರುತ್ತದೆ. ಬಿತ್ತನೆಗೆ ಹದಿನೈದು ದಿನ ಇರುವಾಗ ರೋಟಾವೇಟರ್‌ನಿಂದ ಹಳೆಯ ಕೂಳೆಯನ್ನು ಪುಡಿಮಾಡಿ ಬೆರೆಸುವುದು ಮಾಡಬಹುದಾದ ದೊಡ್ಡ ತಪ್ಪುಗಳಲ್ಲಿ ಒಂದು. ಮೊಳಕೆಯೊಡೆದ ಜೋಳ ಮೂರನೇ ವಾರಕ್ಕೇ ಬಿಳಿಚಿಕೊಳ್ಳುತ್ತದೆ. ಸುಡುವುದಂತೂ ಬೇಡವೇ ಬೇಡ. ಸುಟ್ಟಾಗ ಬೂದಿಯಲ್ಲಿ ಪೊಟ್ಯಾಷ್, ರಂಜಕ ಉಳಿಯುತ್ತವೆ, ಸಾರಜನಕ ಮಾತ್ರ ಬಹುತೇಕ ಹೊಗೆಯೊಂದಿಗೆ ಹೋಗಿಬಿಡುತ್ತದೆ.

ಆಳವಾದ ರೆಂಟೆ ಪ್ರತಿ ವರ್ಷ ಬೇಕಾಗಿಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಒಣಬೇಸಾಯ ಸಂಶೋಧನೆ ಆರಂಭವಾದ ಕಾಲದಿಂದಲೂ ಈ ಭಾಗಕ್ಕೆ ಮೂರು ವರ್ಷಕ್ಕೊಮ್ಮೆ ಆಳ ಉಳುಮೆ ಎಂಬ ಸಲಹೆ ಬಳಕೆಯಲ್ಲಿದೆ, ಇಂದಿಗೂ ಅದು ಸರಿಯಾದ ಸಲಹೆಯೇ. ಯರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ತನ್ನನ್ನು ತಾನೇ ಮಗುಚಿಕೊಳ್ಳುವ ಗುಣವುಳ್ಳದ್ದು. ಕರಿಕೆ ಅಥವಾ ಜೇಕು ಹಬ್ಬಿದ ಹೊಲ, ಟ್ರ್ಯಾಕ್ಟರ್ ಓಡಾಡಿ ಕೆಳಗೆ ಗಟ್ಟಿ ಪದರ ಕಟ್ಟಿದ ಹೊಲ, ಇವೆರಡಕ್ಕೆ ಮಾತ್ರ ಈ ಮೂರು ವರ್ಷಕ್ಕೊಮ್ಮೆಯ ಆಳ ಉಳುಮೆಗೆ ಹಣ ಸುರಿಯಿರಿ. ಕೆಳಗಿನ ಸುಣ್ಣದ ಮಣ್ಣು ಮೇಲೆ ಬರುವಷ್ಟು ಆಳಕ್ಕೆ ಮಾತ್ರ ಹೋಗಬೇಡಿ. ಅದರಲ್ಲಿ ಸಾವಯವ ಅಂಶ ಇನ್ನೂ ಕಡಿಮೆ, ರಸಸಾರ (ಪಿಎಚ್) ಹೆಚ್ಚು, ಮೇಲೆ ಬಂದರೆ ಕಬ್ಬಿಣದ ಕೊರತೆಯೂ ಜೊತೆಗೆ ಬರುತ್ತದೆ.

ಹಂತ 3: ಮೊದಲ ಮಳೆಯ ನಂತರದ ಹರಗುವಿಕೆ (ರೋಹಿಣಿ–ಆರಿದ್ರಾ ಮಳೆ)

ಹೊಲ ಹದಕ್ಕೆ ಬಂದಿದೆಯೇ ಎಂದು ಕೈಯಲ್ಲೇ ನೋಡಿ. ಕುಂಟೆ ಇಳಿಯುವ ಆಳದಿಂದ, ಅಂದರೆ ಐದಾರು ಸೆಂ.ಮೀ. ಕೆಳಗಿನಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿರಿ. ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿಯಂತೆ ಹೊಳೆಯುತ್ತ ಚಾಚಿಕೊಂಡರೆ ಇನ್ನೂ ಹಸಿ ಹೆಚ್ಚು, ಎರಡು ದಿನ ಕಾಯಿರಿ. ಉಂಡೆ ಕಟ್ಟಿ, ಎದೆಮಟ್ಟದಿಂದ ಬಿಟ್ಟಾಗ ಕಾಳುಕಾಳಾಗಿ ಒಡೆದರೆ ಹದವಾಗಿದೆ. ಹಸಿ ಹೆಚ್ಚಿದ್ದಾಗ ಹರಗಿದರೆ ಮಣ್ಣು ಮೆತ್ತಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಂಥ ಹೆಂಟೆಯಾಗುತ್ತದೆ. ಹೆಂಟೆಯ ಒಳಗೆ ಗಾಳಿಯಿಲ್ಲ, ಖನಿಜೀಕರಣವೂ ಇಲ್ಲ.

ಈ ಹರಗುವಿಕೆ ತೆಳುವಾಗಿರಲಿ. ಉದ್ದೇಶ ಎರಡೇ: ಮೊಳೆತ ಕಳೆಯನ್ನು ಎರಡೆಲೆಯಲ್ಲೇ ಕತ್ತರಿಸುವುದು, ಮುಂದಿನ ಮಳೆ ಹರಿದುಹೋಗದೆ ಇಂಗುವಂತೆ ಮೇಲ್ಮೈಯನ್ನು ಸಡಿಲಿಸುವುದು. ಹೆಚ್ಚು ನೈಟ್ರೇಟ್ ಹೊರಬರಲೆಂದು ಜೂನ್‌ನಲ್ಲಿಯೇ ಆಳವಾಗಿ ಮತ್ತೆ ಮತ್ತೆ ಉಳುವುದರಿಂದ ನಷ್ಟವೇ ಹೆಚ್ಚು, ಏಕೆಂದರೆ ಮೊದಲ ಮಳೆಯ ಬಿಡುಗಡೆ ತಾನಾಗಿಯೇ ನಡೆದಿರುತ್ತದೆ, ಅದಕ್ಕೆ ಇನ್ನಷ್ಟು ಸೇರಿಸಿದರೆ ಅದನ್ನು ಸೆಪ್ಟೆಂಬರ್‌ವರೆಗೆ ಕಾಯುವ ಹೊಣೆಯೂ ಅಷ್ಟೇ ಹೆಚ್ಚುತ್ತದೆ.

ಇಳಿಜಾರಿಗೆ ತಕ್ಕಂತೆ 3 ರಿಂದ 4.5 ಮೀಟರ್ ಚದರದ ಚೌಕುಮಡಿಗಳನ್ನು ಜುಲೈ ಒಳಗೆ ಕಟ್ಟಿಕೊಳ್ಳಿ. ಚೌಕುಮಡಿ ಎಂದರೆ ಮಳೆನೀರು ಬಿದ್ದಲ್ಲೇ ಇಂಗಲೆಂದು ಹೊಲವನ್ನು ಸಣ್ಣ ಒಡ್ಡುಗಳಿಂದ ಚೌಕಗಳಾಗಿ ವಿಭಾಗಿಸುವುದು. ಹರಿದುಹೋಗುವ ನೀರಿನೊಂದಿಗೆ ಸಾವಯವ ಅಂಶ ಹೆಚ್ಚಿರುವ ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಇದು ತಡೆಯುತ್ತದೆ. ತಗ್ಗಿನಲ್ಲಿ ನೀರು ಎರಡು ಮೂರು ದಿನಕ್ಕಿಂತ ಹೆಚ್ಚು ನಿಂತರೆ ಅಲ್ಲಿ ಒಡ್ಡು ಒಡೆದು ಬಿಡಿ. ನಿಂತ ನೀರಿನಡಿ ಗಾಳಿಯಿಲ್ಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ತಗ್ಗಿನ ಜಾಗದಲ್ಲಿ ಹಸಿ ಸಮೃದ್ಧವಾಗಿದ್ದರೂ ಜೋಳ ಹಳದಿಯಾಗುವುದು ಇದರಿಂದಲೇ.

ಹಂತ 4: ಮುಂಗಾರಿನಲ್ಲಿ ಹೊಲ ಖಾಲಿಯೋ, ಹೆಸರೋ, ಸಣಬೋ

ಈ ನಿರ್ಧಾರ ಸಾರಜನಕದ ಮಟ್ಟಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು, ಹೀಗಾಗಿ ತುಸು ವಿವರವಾಗಿ ಹೇಳುತ್ತೇನೆ.

ಹೊಲವನ್ನು ಖಾಲಿ ಬಿಟ್ಟು ಹರಗುತ್ತ ಹೋಗುವ ರೂಢಿಯಲ್ಲಿ ಹಸಿ ಮತ್ತು ನೈಟ್ರೇಟ್ ಎರಡೂ ಸಂಗ್ರಹವಾಗುತ್ತವೆ. ಒಳ್ಳೆಯ ಮಳೆಯಾದರೆ ನೈಟ್ರೇಟ್ ನೀರಿನೊಂದಿಗೆ ಎರಡು ಮೂರು ಅಡಿ ಆಳಕ್ಕೆ ಇಳಿಯುತ್ತದೆ. ಇದನ್ನು ನಷ್ಟವೆಂದು ಭಾವಿಸಬೇಡಿ. ನವೆಂಬರ್ ನಂತರ ಮೇಲಿನ ಪದರ ಒಣಗಿದಾಗ ಜೋಳದ ಬೇರು ಆ ಆಳದ ಹಸಿಯನ್ನೇ ಹುಡುಕಿಕೊಂಡು ಹೋಗುತ್ತದೆ, ಅಲ್ಲಿ ನೈಟ್ರೇಟ್ ಇದ್ದರೆ ನೀರಿನೊಂದಿಗೆ ಅದೂ ಸಿಗುತ್ತದೆ. ಆದರೆ ಈ ರೂಢಿಯಲ್ಲಿ ಮಣ್ಣಿಗೆ ಹೊಸದಾಗಿ ಏನೂ ಸೇರುವುದಿಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ (ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ 1976ರಿಂದ ನಡೆದ ದೀರ್ಘಾವಧಿಯ ಜಲಾನಯನ ಪ್ರಯೋಗದಲ್ಲಿ ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿ ಬೆಳೆಯುವ ಸಾಂಪ್ರದಾಯಿಕ ಪದ್ಧತಿಯನ್ನು ಎರಡೂ ಹಂಗಾಮು ಬೆಳೆ ಇರುವ, ದ್ವಿದಳ ಧಾನ್ಯ ಸೇರಿದ, ಏರುಮಡಿ (ಎತ್ತರಿಸಿದ ಮಡಿಗಳ ಮೇಲೆ ಬಿತ್ತುವ) ಪದ್ಧತಿಯೊಂದಿಗೆ ಹೋಲಿಸಿದ್ದಾರೆ. ಇಳುವರಿಯಲ್ಲಿಯೂ ಮಣ್ಣಿನ ಸಾವಯವ ಇಂಗಾಲದಲ್ಲಿಯೂ ಎರಡನೆಯದು ಬಹಳ ಮುಂದಿದೆ. ಅಲ್ಲಿನ ಮಳೆ ವಿಜಯಪುರಕ್ಕಿಂತ ಹೆಚ್ಚು ಎಂಬುದನ್ನು ಮರೆಯದೆ ಈ ಫಲಿತಾಂಶವನ್ನು ಓದಬೇಕು.

ನಮ್ಮಲ್ಲಿ ಮುಂಗಾರು ಎಷ್ಟೋ ವರ್ಷ ಕೈಕೊಡುತ್ತದೆ, ಮಳೆಯ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ ಬೀಳುತ್ತದೆ. ಹೀಗಾಗಿ ನನ್ನ ಸಲಹೆ ಇಷ್ಟು. ಆಳವಾದ ಯರೆ ಹೊಲದಲ್ಲಿ ಜೂನ್ ಮಧ್ಯದೊಳಗೆ ಹದವಾದ ಮಳೆಯಾದರೆ 60–65 ದಿನದ ಹೆಸರು ಬಿತ್ತಿರಿ; ಕಾಯಿ ಬಿಡಿಸಿಕೊಂಡು ಗಿಡವನ್ನು ಆಗಸ್ಟ್ ಕೊನೆಯೊಳಗೆ ಮಣ್ಣಿಗೆ ಸೇರಿಸಿರಿ. ಗಿಡವನ್ನು ಬೇರುಸಹಿತ ಕಿತ್ತು ಕಣಕ್ಕೆ ಒಯ್ದರೆ ಜೋಳಕ್ಕೆ ಉಳಿಯುವ ಸಾರಜನಕ ಅತ್ಯಲ್ಪ. ಜುಲೈವರೆಗೆ ಮಳೆ ತಡವಾದರೆ ಹೆಸರಿನ ಬದಲು ಸಣಬು ಬಿತ್ತಿ, 45–50 ದಿನಕ್ಕೆ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು. ಸಣಬಿನ ಒಣ ಪದಾರ್ಥದಲ್ಲಿ ಶೇ 2ಕ್ಕಿಂತ ಹೆಚ್ಚು ಸಾರಜನಕ ಇರುವುದರಿಂದ ಎಕರೆಗೆ ಅರ್ಧ ಟನ್ ಒಣ ಪದಾರ್ಥ ಬಂದರೂ 10 ಕಿಲೋ ಸಾರಜನಕ ಮಣ್ಣಿಗೆ ಸೇರುತ್ತದೆ.

ಸಣಬು ಸೇರಿಸುವಾಗ ಎರಡು ಎಚ್ಚರಿಕೆಗಳಿವೆ. ಹೂ ಕಳೆದು ಕಾಂಡ ನಾರಾದ ಮೇಲೆ ಸೇರಿಸಿದರೆ ಅದೂ ಜೋಳದ ಕೂಳೆಯಂತೆಯೇ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೇರಿಸಿದ ನಂತರ ಕೊಳೆಯಲು ಮಣ್ಣಿನಲ್ಲಿ ಹಸಿಯೂ ಬಿತ್ತನೆಗೆ ಮೂರು ನಾಲ್ಕು ವಾರ ಅವಧಿಯೂ ಇರಬೇಕು. ಸೆಪ್ಟೆಂಬರ್ ಹತ್ತು ದಾಟಿದ ಮೇಲೂ ಸಣಬು ಹೊಲದಲ್ಲಿದ್ದರೆ ಅದನ್ನು ಕೊಯ್ದು ಸಾಲುಗಳ ನಡುವೆ ಹೊದಿಕೆಯಾಗಿ ಬಳಸುವುದೇ ಮೇಲು. ಮಣ್ಣಿನ ಆಳ ಎರಡು ಅಡಿಗಿಂತ ಕಡಿಮೆ ಇರುವವರು ಮುಂಗಾರಿನಲ್ಲಿ ಏನನ್ನೂ ಬಿತ್ತದೆ ಹಸಿಯನ್ನು ಉಳಿಸಿಕೊಳ್ಳಿ. ಬದುವಿನ ಮೇಲೆ ಗ್ಲಿರಿಸಿಡಿಯಾ ಬೆಳೆಸಿ ಅದರ ಸೊಪ್ಪನ್ನು ಬಳಸಿಕೊಳ್ಳಿ.

ತಿಪ್ಪೆಗೊಬ್ಬರ ಇದ್ದವರು ಬಿತ್ತನೆಗೆ ಎರಡು ಮೂರು ವಾರ ಮೊದಲು ಹರಡಿ, ಅದೇ ದಿನ ಕುಂಟೆಯಿಂದ ಮಣ್ಣಿಗೆ ಸೇರಿಸಿರಿ. ಟನ್ನಿಗೆ ಸುಮಾರು 5 ಕಿಲೋ ಸಾರಜನಕ ಇರುತ್ತದೆ, ಮೊದಲ ಬೆಳೆಗೆ ಅದರ ಒಂದು ಭಾಗ ಮಾತ್ರ ಸಿಗುತ್ತದೆ. ಮೇ ತಿಂಗಳಿನಿಂದ ಹೊಲದಲ್ಲಿ ಗುಪ್ಪೆ ಗುಪ್ಪೆಯಾಗಿ ಬಿಸಿಲಿಗೆ ಬಿದ್ದಿರುವ ಗೊಬ್ಬರದಲ್ಲಿ ಆ ಐದು ಕಿಲೋ ಕೂಡ ಉಳಿದಿರುವುದಿಲ್ಲ.

ಹಂತ 5: ಮಘಾದಿಂದ ಉತ್ತರೆಯವರೆಗೆ

ಬೆಳೆಯಿಲ್ಲದ ಹೊಲವನ್ನು ಆಗಸ್ಟ್ ಮಧ್ಯದಿಂದ ಬಿತ್ತನೆಯವರೆಗೆ ಕಳೆಯಿಲ್ಲದಂತೆ ನೋಡಿಕೊಳ್ಳಿ. ಇಷ್ಟು ಸಲ ಹರಗಬೇಕು ಎಂಬ ಲೆಕ್ಕ ಬೇಡ. ಪ್ರತಿ ಒಳ್ಳೆಯ ಮಳೆಯ ನಂತರ ಹೊಲಕ್ಕೆ ಹೋಗಿ, ಕಳೆ ಹುಟ್ಟಿದ್ದರೆ ಹರಗಿ, ಇಲ್ಲದಿದ್ದರೆ ಮರಳಿ ಬನ್ನಿ. ಎಳೆಯ ಕಳೆ ತಾನು ಹೀರಿದ ಸಾರಜನಕವನ್ನು ಕತ್ತರಿಸಿದ ಕೆಲವೇ ದಿನಗಳಲ್ಲಿ ಮರಳಿ ಕೊಡುತ್ತದೆ. ಮೊಣಕಾಲೆತ್ತರ ಬೆಳೆದು ಬೀಜ ಕಟ್ಟಿದ ಕಳೆ ಸಾರಜನಕವನ್ನೂ ನೀರನ್ನೂ ತಿಂದುಬಿಟ್ಟಿರುತ್ತದೆ, ಬಿತ್ತನೆಯೊಳಗೆ ಕೊಳೆಯುವುದೂ ಇಲ್ಲ.

ಈ ಅವಧಿಯ ಹರಗುವಿಕೆಯಿಂದ ಬಿಡುಗಡೆಯಾಗುವ ನೈಟ್ರೇಟ್ ಜೋಳಕ್ಕೆ ಹತ್ತಿರದಲ್ಲಿರುವುದರಿಂದ ಹೆಚ್ಚು ಉಪಯುಕ್ತ. ಈಗಲೂ ಐದಾರು ಸೆಂ.ಮೀ. ಆಳವನ್ನು ಮೀರಬೇಡಿ. ಈಗ ರೋಟಾವೇಟರ್ ಬಳಸಿದರೆ ಮಣ್ಣು ಹಿಟ್ಟಿನಂತಾಗಿ, ಉತ್ತರೆಯ ಜೋರು ಮಳೆಗೆ ಮೇಲ್ಮೈ ಮುಚ್ಚಿಹೋಗುತ್ತದೆ, ನೀರು ಇಂಗದೆ ಹರಿಯುತ್ತದೆ.

ಹಂತ 6: ಬಿತ್ತನೆ ಮತ್ತು ಗೊಬ್ಬರ ಇಡುವ ಆಳ

ಬಿತ್ತುವ ಮೊದಲು ಸರಳನ್ನು ಹೊಲದ ನಾಲ್ಕೈದು ಕಡೆ ಒತ್ತಿ ನೋಡಿ. ಹಸಿ ಇರುವವರೆಗೆ ಅದು ಕೈಬಲಕ್ಕೆ ಇಳಿಯುತ್ತದೆ, ಒಣ ಮಣ್ಣಿಗೆ ತಗುಲಿದೊಡನೆ ನಿಲ್ಲುತ್ತದೆ. ಮೂರು ಅಡಿ ಇಳಿದರೆ ಶಿಫಾರಸಿನಷ್ಟು ಸಾರಜನಕ ಕೊಡಿ, ಎರಡು ಅಡಿಯಾದರೆ ಮುಕ್ಕಾಲು ಪಾಲು ಸಾಕು, ಒಂದೂವರೆ ಅಡಿಗಿಂತ ಕಡಿಮೆಯಾದರೆ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಹಸಿ ಕಡಿಮೆಯಿದ್ದು ಸಾರಜನಕ ಹೆಚ್ಚಾದರೆ ಗಿಡ ಆರಂಭದಲ್ಲಿ ಹುಲುಸಾಗಿ ಬೆಳೆದು ಇರುವ ನೀರನ್ನು ಮುಗಿಸಿ, ತೆನೆ ಹಾಲುಗಟ್ಟುವ ಹೊತ್ತಿಗೆ ಒಣಗುತ್ತದೆ. ಈ ವಿಂಗಡಣೆ ನನ್ನ ಅಂದಾಜಿನದು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರ ಮಾತನ್ನೂ ಕೇಳಿ ಹೊಂದಿಸಿಕೊಳ್ಳಿ.

ಮಳೆಯಾಶ್ರಿತ ಹಿಂಗಾರಿ ಜೋಳಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 50 ಕಿಲೋ ಸಾರಜನಕ, 25 ಕಿಲೋ ರಂಜಕ. ಎಕರೆಗೆ 20 ಮತ್ತು 10 ಕಿಲೋ. 22 ಕಿಲೋ ಡಿಎಪಿಯಿಂದ 10 ಕಿಲೋ ರಂಜಕದೊಂದಿಗೆ 4 ಕಿಲೋ ಸಾರಜನಕ ಬರುತ್ತದೆ, ಉಳಿದ 16 ಕಿಲೋ ಸಾರಜನಕಕ್ಕೆ 35 ಕಿಲೋ ಯೂರಿಯಾ ಬೇಕು. ಹೆಸರಿನ ಗಿಡವನ್ನೋ ಸಣಬನ್ನೋ ಸಕಾಲದಲ್ಲಿ ಮಣ್ಣಿಗೆ ಸೇರಿಸಿದ್ದರೆ ಯೂರಿಯಾದಲ್ಲಿ 10 ರಿಂದ 12 ಕಿಲೋ ಕಡಿಮೆ ಮಾಡಬಹುದು.

ಪೂರ್ತಿ ಗೊಬ್ಬರವನ್ನು ಬಿತ್ತನೆಯೊಂದಿಗೇ ಕೊಡಿ. ನೀರಾವರಿಯವರಂತೆ ಅರ್ಧ ಈಗ, ಅರ್ಧ ಮೂವತ್ತು ದಿನಕ್ಕೆ ಎಂಬ ಕ್ರಮ ಇಲ್ಲಿ ನಡೆಯದು. ಮೂವತ್ತು ದಿನಕ್ಕೆ ಮೇಲಿನ ನಾಲ್ಕು ಇಂಚು ಒಣಗಿರುತ್ತದೆ, ಅಲ್ಲಿ ಬಿದ್ದ ಯೂರಿಯಾ ಬೇರಿನ ಬಳಿಗೆ ಹೋಗುವುದೇ ಇಲ್ಲ. ನಮ್ಮ ಮಣ್ಣಿನ ರಸಸಾರ 8ಕ್ಕಿಂತ ಹೆಚ್ಚು, ಸುಣ್ಣವೂ ಇದೆ. ಇಂಥ ನೆಲದ ಮೇಲೆ ಚೆಲ್ಲಿದ ಯೂರಿಯಾ ಬೆಳಗಿನ ಇಬ್ಬನಿಗೆ ಕರಗಿ ಅಮೋನಿಯ ಅನಿಲವಾಗಿ ಹಾರುತ್ತದೆ. ಗೊಬ್ಬರ ಬೀಜಕ್ಕಿಂತ ಎರಡು ಇಂಚು ಕೆಳಗೆ, ಪಕ್ಕಕ್ಕೆ, ಹಸಿ ಮಣ್ಣಿನಲ್ಲಿ ಕೂಡಬೇಕು. ಯೂರಿಯಾವನ್ನು ಬೀಜದೊಂದಿಗೆ ಒಂದೇ ಬಟ್ಟಲಿನಲ್ಲಿ ಬೆರೆಸಿ ಬಿಟ್ಟರೆ ಮೊಳಕೆ ಸುಡುತ್ತದೆ.

ಹಂತ 7: ಎಡೆ ಹೊಡೆಯುವುದು

ಮೂರನೇ, ಐದನೇ ಮತ್ತು ಎಂಟನೇ ವಾರದಲ್ಲಿ ಸಾಲುಗಳ ನಡುವೆ ಹೊಡೆಯುವ ಎಡೆಕುಂಟೆ ಬಿರುಕು ಮುಚ್ಚಲು ಮತ್ತು ಕಳೆ ತೆಗೆಯಲು. ಒಣ ಮೇಲ್ಮಣ್ಣಿನಲ್ಲಿ ಸೂಕ್ಷ್ಮಾಣುಜೀವಿಗಳು ಕೆಲಸ ಮಾಡುವುದಿಲ್ಲವಾದ್ದರಿಂದ ಇದರಿಂದ ನೇರವಾಗಿ ಸಾರಜನಕ ಸಿಗದು. ಹೀಗೆ ಮಣ್ಣಿನಲ್ಲಿ ಉಳಿದ ಹಸಿಯು ಬೇರನ್ನು ಆಳದ ನೈಟ್ರೇಟಿಗೆ ತಲುಪಿಸುತ್ತದೆ, ಲಾಭ ಅಷ್ಟೇ, ಅದು ದೊಡ್ಡದು.

ಎಲೆಯನ್ನು ಓದುವುದನ್ನೂ ಈಗಲೇ ರೂಢಿಸಿಕೊಳ್ಳಿ. ಸಾರಜನಕದ ಕೊರತೆಯಲ್ಲಿ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಹಳದಿ ತುದಿಯಿಂದ ಶುರುವಾಗಿ ನಡುನರದ ಗುಂಟ ಬುಡದತ್ತ ಚೂಪಾಗಿ ಇಳಿಯುತ್ತದೆ, ಅಂಚುಗಳು ಕೊನೆಯವರೆಗೆ ಹಸಿರಾಗಿರುತ್ತವೆ. ಮೇಲಿನ ಎಳೆಯ ಎಲೆಯಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಬಿಳಿಚಿದ್ದರೆ ಅದು ಕಬ್ಬಿಣದ ಕೊರತೆ, ಯೂರಿಯಾದಿಂದ ಸರಿಹೋಗದು. ಎಲೆ ಮಧ್ಯಾಹ್ನ ಸುರುಳಿಯಾಗಿ ಸಂಜೆಗೆ ಬಿಚ್ಚಿಕೊಂಡರೆ ಅದು ನೀರಿನ ಕೊರತೆ. ಸಾರಜನಕದ ಕೊರತೆ ಖಚಿತವಾಗಿದ್ದು ಮಣ್ಣಿನ ಆಳದಲ್ಲಿ ಹಸಿ ಇದ್ದರೆ ಮಾತ್ರ ಲೀಟರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಂಜೆ ಸಿಂಪಡಿಸಬಹುದು.

ಹಂತ 8: ಉಳುಮೆ ಬಿಡಬೇಕೆಂದಿರುವವರಿಗೆ

ಉಳುಮೆ ನಿಲ್ಲಿಸಿದಾಗ ಖನಿಜೀಕರಣ ನಿಧಾನವಾಗುತ್ತದೆ, ಮೇಲೆ ಬಿದ್ದಿರುವ ಉಳಿಕೆ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ವರ್ಷಗಳ ಹಳದಿಗೆ ಇವೇ ಕಾರಣ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಹರ್ಮಿಟೇಜ್ ಸಂಶೋಧನಾ ಕೇಂದ್ರದ ಕಪ್ಪು ಮಣ್ಣಿನಲ್ಲಿ 1968ರಲ್ಲಿ ಆರಂಭವಾದ ಪ್ರಯೋಗದಲ್ಲಿ ಉಳುಮೆ ಬಿಟ್ಟು ಕೂಳೆ ಉಳಿಸಿದ ತಾಕುಗಳು ಹೆಚ್ಚು ಹಸಿ ಸಂಗ್ರಹಿಸಿದವು, ಆದರೆ ಸಾರಜನಕ ಗೊಬ್ಬರ ಕೊಟ್ಟಾಗಲೇ ಆ ಹಸಿಯ ಲಾಭ ಇಳುವರಿಯಲ್ಲಿ ಕಂಡಿತು. ಹಾಗಾಗಿ ಮೊದಲ ಮೂರು ನಾಲ್ಕು ವರ್ಷ ಶಿಫಾರಸಿಗಿಂತ ಕಾಲು ಪಾಲು ಹೆಚ್ಚು ಸಾರಜನಕಕ್ಕೆ ಸಿದ್ಧರಾಗಿ.

ನಮ್ಮಲ್ಲಿ ದೊಡ್ಡ ಅಡ್ಡಿ ಬೇರೆಯೇ ಇದೆ. ಕಣಿಕೆಯೇ ದನಕರುಗಳ ಮೇವು, ಎಷ್ಟೋ ಮನೆಗಳಿಗೆ ಕಾಳಿನಷ್ಟೇ ಬೆಲೆಬಾಳುವ ವಸ್ತು. ಅದನ್ನು ಹೊಲದಲ್ಲಿ ಬಿಡಿ ಎಂದು ಹೇಳಲು ನನಗೆ ಮನಸ್ಸು ಬಾರದು. ಹೊದಿಕೆಯಿಲ್ಲದ ಬರಿಯ ನೆಲದಲ್ಲಿ ಉಳುಮೆ ಬಿಟ್ಟರೆ ನೀರು ಇಂಗದು, ಕಳೆ ಹಬ್ಬುತ್ತದೆ, ಸಾರಜನಕವೂ ಬಿಡುಗಡೆಯಾಗದು. ಆದ್ದರಿಂದ ಆಳ ಉಳುಮೆ ಮತ್ತು ರೋಟಾವೇಟರ್ ಬಿಟ್ಟು ಕುಂಟೆಯ ತೆಳು ಹರಗುವಿಕೆ ಮಾತ್ರ ಉಳಿಸಿಕೊಳ್ಳುವುದು, ಬುಡದ ಒಂದು ಗೇಣು ಕೂಳೆಯನ್ನಾದರೂ ಹೊಲದಲ್ಲೇ ಬಿಡುವುದು ಸದ್ಯಕ್ಕೆ ನಡೆಯಬಲ್ಲ ದಾರಿ.

ಹಂತ 9: ನಿಮ್ಮ ಹೊಲದ ಸ್ವಂತ ಲೆಕ್ಕ

ಪ್ರತಿ ವರ್ಷ ಹೊಲದ ನಡುವೆ ನಾಲ್ಕು ಸಾಲಿನ ಒಂದು ಪಟ್ಟಿಗೆ ಯೂರಿಯಾ, ಡಿಎಪಿ ಎರಡನ್ನೂ ಕೊಡದೆ ಬಿಡಿ. ರಂಜಕಕ್ಕಾಗಿ ಅಲ್ಲಿ ಸೂಪರ್ ಫಾಸ್ಫೇಟ್ ಬಳಸಿ. ಕೊಯ್ಲಿನಲ್ಲಿ ಆ ಪಟ್ಟಿಯ ಕಾಳು ಮತ್ತು ಕಣಿಕೆಯನ್ನು ಬೇರೆ ತೂಗಿ ಎಕರೆಯ ಲೆಕ್ಕಕ್ಕೆ ಏರಿಸಿಕೊಳ್ಳಿ. ಕಾಳಿನ ತೂಕದ ಶೇ 1.6, ಕಣಿಕೆಯ ತೂಕದ ಶೇ 0.5 ಸಾರಜನಕವೆಂದು ಹಿಡಿದರೆ, 400 ಕಿಲೋ ಕಾಳು ಮತ್ತು 900 ಕಿಲೋ ಕಣಿಕೆ ಬಂದ ಹೊಲದಲ್ಲಿ ಮಣ್ಣು ತಾನಾಗಿ ಕೊಟ್ಟದ್ದು ಸುಮಾರು 11 ಕಿಲೋ. ಆ ವರ್ಷ ಎಷ್ಟು ಸಲ, ಯಾವ ಮಳೆಯ ನಂತರ ಹರಗಿದಿರಿ, ಬಿತ್ತುವಾಗ ಸರಳು ಎಷ್ಟು ಅಡಿ ಇಳಿದಿತ್ತು, ಮುಂಗಾರಿನಲ್ಲಿ ಏನಿತ್ತು ಎಂಬುದನ್ನು ಅದೇ ಪುಟದಲ್ಲಿ ಬರೆದಿಡಿ. ಮಳೆ ಸರಿಸುಮಾರು ಒಂದೇ ತೆರನಾದ ವರ್ಷಗಳನ್ನು ಹೋಲಿಸಿದಾಗ ಈ ಅಂಕಿ ಇಳಿಯುತ್ತ ಹೋದರೆ ಮುಂದಿನ ಮುಂಗಾರಿಗೆ ಹರಗುವುದನ್ನು ಕಡಿಮೆ ಮಾಡಿ, ಸಣಬಿನ ಬೀಜವನ್ನು ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ.